ಮಹಿಷಾಸುರ ಬರುತ್ತಾನೆಂದು ಗೊತ್ತು, ಆದರೂ ಎದೆ ಧಸಕ್ಕೆನ್ನುತ್ತದೆ: ಹಳೆಯ ಹೆದರಿಕೆ ಸಿನಿಮಾಗಳ ಗುಟ್ಟೇನು?

ಎರಡು ಮೂರು ವರ್ಷಗಳಿಂದ ಸಿನಿಮಾ ಸುದ್ದಿ ಓದುವವರಿಗೆ ಒಂದು ವಿಷಯ ತಲೆಗೆ ಹತ್ತುತ್ತಿಲ್ಲ. ಎಷ್ಟೋ ಹೊಸ ಸಿನಿಮಾಗಳು ಒಂದೇ ವಾರಕ್ಕೆ ಥಿಯೇಟರಿನಿಂದ ಎದ್ದು ಹೋಗುತ್ತವೆ. ಅದೇ ಹೊತ್ತಿಗೆ ಯಾವುದೋ ಹಳೆಯ ಸಿನಿಮಾ ಮತ್ತೆ ಬಂದು ಸೀಟು ತುಂಬಿಸುತ್ತದೆ. 2018ರ ಹಿಂದಿ ಸಿನಿಮಾ ‘ತುಂಬಾಡ್’ 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಿಡುಗಡೆಯಾಯಿತು. ಮೊದಲ ಸಲಕ್ಕಿಂತ ಎರಡನೇ ಸಲವೇ ಜಾಸ್ತಿ ದುಡ್ಡು ಮಾಡಿತು. ಅದಕ್ಕೆ ಒಂದು ತಿಂಗಳು ಮುಂಚೆ 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ 4ಕೆ ರೂಪದಲ್ಲಿ ಥಿಯೇಟರಿಗೆ ಬಂದಿತ್ತು. ನಮಗೆಲ್ಲ ಅದು ‘ಆಪ್ತಮಿತ್ರ’ವಾಗಿ ಗೊತ್ತು. 1975ರ ‘ಜಾಸ್’ ಕೂಡ 50 ವರ್ಷ ತುಂಬಿದ ನೆಪದಲ್ಲಿ 2025ರಲ್ಲಿ ಅಮೆರಿಕದ ಥಿಯೇಟರ್‌ಗಳಿಗೆ ವಾಪಸ್ ಬಂತು.

ಹಾಡಿರುವ ಸಿನಿಮಾ ಮತ್ತೆ ಓಡಿದರೆ ಅರ್ಥವಾಗುತ್ತದೆ. ಜನ ಹಾಡಿಗಾಗಿ ಬರುತ್ತಾರೆ. ಸ್ಟಾರ್ ಇರುವ ಸಿನಿಮಾಕ್ಕೆ ಅಭಿಮಾನಿಗಳು ಬರುತ್ತಾರೆ. ಆದರೆ ಸಸ್ಪೆನ್ಸ್ ಸಿನಿಮಾ? ಕೊಲೆ ಮಾಡಿದವರು ಯಾರು, ‘ಆಪ್ತಮಿತ್ರ’ದ ನಾಗವಲ್ಲಿ ಯಾರ ಮೈಮೇಲೆ ಬಂದಿದ್ದಾಳೆ ಅನ್ನುವುದು ಊರಿಗೆಲ್ಲ ಗೊತ್ತು. ಫೋನಿನಲ್ಲೇ ನೋಡಬಹುದು. ಆದರೂ ಜನ ಟಿಕೆಟ್ ಕೊಟ್ಟು ಕತ್ತಲಲ್ಲಿ ಕೂತು ಬೆಚ್ಚಿಬೀಳುತ್ತಾರೆ. ಯಾಕೆ?

ಈ ಪ್ರಶ್ನೆಗೆ ಮಂಗಳೂರು, ಉಡುಪಿಯವರು ದೂರ ಹೋಗಿ ಉತ್ತರ ಹುಡುಕಬೇಕಾಗಿಲ್ಲ. ಕಟೀಲು ಮೇಳದ ‘ಶ್ರೀ ದೇವಿ ಮಹಾತ್ಮೆ’ ಯಕ್ಷಗಾನ ಆಟ ನೋಡಿದ ಪ್ರತಿಯೊಬ್ಬರಿಗೂ ಅರ್ಧ ಉತ್ತರ ಗೊತ್ತಿದೆ. ಅಲ್ಲಿಗೆ ಆಮೇಲೆ ಬರೋಣ.

ಹಳೆಯ ಸಿನಿಮಾ ಯಾಕೆ ಬರುತ್ತಿದೆ

ಮೊದಲು ವ್ಯಾಪಾರದ ಮಾತು. ಥಿಯೇಟರಿಗೆ ವರ್ಷದ 52 ಶುಕ್ರವಾರಕ್ಕೂ ಏನಾದರೂ ಬೇಕು. ದೊಡ್ಡ ನಟರು ಈಗ ವರ್ಷಕ್ಕೆ ಒಂದು ಸಿನಿಮಾ ಮಾಡಿದರೆ ಹೆಚ್ಚು. ಕೆಲವರದು ಎರಡು ಮೂರು ವರ್ಷಕ್ಕೊಂದು. ಸಣ್ಣ ಸಿನಿಮಾ ಒಟಿಟಿಗೆ ಬರುವವರೆಗೆ ಕಾಯೋಣ ಅನ್ನುವ ಅಭ್ಯಾಸ ಕೊರೊನಾ ಕಾಲದಲ್ಲಿ ಬಲವಾಯಿತು. ಹೀಗಾಗಿ ನಡುವೆ ಖಾಲಿ ವಾರಗಳು ಉಳಿಯುತ್ತವೆ.

ಆ ಖಾಲಿ ಜಾಗ ತುಂಬಿಸುವುದು ಈಗ ಸುಲಭ. ಹಿಂದೆ ಸಿನಿಮಾ ಎಂದರೆ ರೀಲು ತುಂಬಿದ ಪೆಟ್ಟಿಗೆಗಳು. ಅವನ್ನು ಊರಿಂದ ಊರಿಗೆ ಸಾಗಿಸಬೇಕಿತ್ತು. ಓಡಿದಷ್ಟೂ ಗೀರು ಬೀಳುತ್ತಿತ್ತು. ಹಳೆಯ ಸಿನಿಮಾ ಮತ್ತೆ ಹಾಕಿದರೆ ಪರದೆ ಮೇಲೆ ಮಳೆ ಸುರಿದ ಹಾಗೆ ಗೆರೆಗಳು. ಈಗ ಹಾಗಲ್ಲ. ಒಮ್ಮೆ ಒಳ್ಳೆಯ ಡಿಜಿಟಲ್ ಪ್ರತಿ ಮಾಡಿಟ್ಟರೆ ಮಂಗಳೂರಿಗೂ ಮಣಿಪಾಲಕ್ಕೂ ಅದೇ ಫೈಲು. ಶೂಟಿಂಗ್ ಖರ್ಚಿಲ್ಲ, ನಟರ ಸಂಭಾವನೆ ಇಲ್ಲ. ಬಂದಷ್ಟು ಬಂತು. ಜ್ಯೋತಿ ಟಾಕೀಸು ಹೋಗಿ ಸರ್ಕಲ್ಲಿಗೆ ಅದರ ಹೆಸರು ಮಾತ್ರ ಉಳಿದಿರುವ ಮಂಗಳೂರಿನಲ್ಲಿ, ಮಾಲ್‌ಗಳ ಸಣ್ಣ ಪರದೆಗಳಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ನೂರೈವತ್ತು ಇನ್ನೂರು ಜನ ಬಂದರೂ ಶೋ ತುಂಬಿದ ಹಾಗೆ.

ಸಿನಿಮಾ ಯಾಕೆ ವಾಪಸ್ ಬಂತು ಅನ್ನುವುದಕ್ಕೆ ಇಷ್ಟು ಸಾಕು. ಬಂದ ಜನ ಯಾಕೆ ಕುರ್ಚಿಯ ಕೈ ಬಿಗಿಹಿಡಿಯುತ್ತಾರೆ ಅನ್ನುವುದನ್ನು ಈ ಲೆಕ್ಕ ಹೇಳುವುದಿಲ್ಲ.

ಒಬ್ಬೊಬ್ಬರದು ಒಂದೊಂದು ವಾದ

ಹಳೆಯ ನೆನಪು ಅಷ್ಟೇ ಎನ್ನುವವರು ತುಂಬ ಜನ. ಚಿಕ್ಕವರಿದ್ದಾಗ ಹೆದರಿದ್ದನ್ನು ಮತ್ತೊಮ್ಮೆ ಅನುಭವಿಸಲು ಹೋಗುತ್ತಾರೆ ಎಂಬುದು ಇವರ ಮಾತು. ಸ್ವಲ್ಪ ನಿಜ ಇದೆ. ಆದರೆ ಮಣಿಪಾಲದಲ್ಲಿ ಈಗ ಮೊದಲ ವರ್ಷಕ್ಕೆ ಸೇರಿದ ವಿದ್ಯಾರ್ಥಿ ‘ಆಪ್ತಮಿತ್ರ’ ಬಂದ 2004ರಲ್ಲಿ ಹುಟ್ಟಿಯೇ ಇರಲಿಲ್ಲ. ಅವರಿಗೆ ಯಾವ ನೆನಪು?

ಇನ್ನು ಕೆಲವರು ಉಲ್ಟಾ ಹೇಳುತ್ತಾರೆ. ಹಳೆಯ ಹಾರರ್ ಈಗ ಯಾರನ್ನೂ ಹೆದರಿಸುವುದಿಲ್ಲ, ಬಿಳಿ ಸೀರೆ ಉಟ್ಟು ದೀಪ ಹಿಡಿದು ನಡೆಯುವ ಹೆಂಗಸನ್ನು ನೋಡಿದರೆ ನಗು ಬರುತ್ತದೆ, ಸುಮ್ನೆ ‘ಕ್ಲಾಸಿಕ್’ ಅಂತ ಹೊಗಳುತ್ತಾರೆ ಎಂದು. ಈ ಮಾತನ್ನು ಗಂಭೀರವಾಗಿ ತಗೊಳ್ಳಬೇಕು. ಹಳೆಯ ಹೆದರಿಕೆ ಸಿನಿಮಾಗಳಲ್ಲಿ ಹೆಚ್ಚಿನವು ನಿಜವಾಗಿಯೂ ಸತ್ತುಹೋಗಿವೆ. ನಮಗೆ ಸಿಗುವುದು ಜರಡಿ ಹಿಡಿದು ಉಳಿದವು ಮಾತ್ರ. ಹಾಗಾದರೆ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ: ಉಳಿದವುಗಳಲ್ಲಿ ಉಳಿದದ್ದು ಏನು?

ಮೂರನೆಯದು ಸ್ಪಾಯ್ಲರ್ ಜಗಳ. ಕೊನೆ ಗೊತ್ತಾದರೆ ಮಜಾ ಹೋಯಿತು ಎಂದು ಎಲ್ಲರೂ ನಂಬಿದ್ದೇವೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಇಬ್ಬರು ಮನಶ್ಶಾಸ್ತ್ರಜ್ಞರು 12 ಸಣ್ಣ ಕಥೆಗಳನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. ಕೊನೆಯನ್ನು ಮೊದಲೇ ತಿಳಿದು ಓದಿದವರಿಗೆ ಕಥೆ ಸ್ವಲ್ಪ ಜಾಸ್ತಿಯೇ ಹಿಡಿಸಿತ್ತು! 2015ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಫಲಿತಾಂಶ ತಿರುಗಾಮುರುಗಾ ಆಯಿತು. ಗುಟ್ಟು ಮೊದಲೇ ಗೊತ್ತಾದವರಿಗೆ ಕಥೆ ಅಷ್ಟು ತಟ್ಟಲಿಲ್ಲ. ಹಾಗಾಗಿ ಈ ಜಗಳ ಮುಗಿದಿಲ್ಲ. ಆದರೆ ಒಂದು ಮಾತು ಸ್ಪಷ್ಟ. ಕೊನೆ ಗೊತ್ತಾದರೆ ಎಲ್ಲವೂ ಮುಗಿಯಿತು ಅನ್ನುವಷ್ಟು ಸರಳ ವಿಷಯ ಇದಲ್ಲ.

ಮೈಗೆ ಕಥೆ ಗೊತ್ತಿರುವುದಿಲ್ಲ

ಕೆಳಗಿನ ಮೆಟ್ಟಿಲಿನಿಂದ ಶುರು ಮಾಡೋಣ. ಹಠಾತ್ ಸದ್ದಿಗೆ ಮನುಷ್ಯ ಬೆಚ್ಚುವುದು ಯೋಚಿಸಿ ಮಾಡುವ ಕೆಲಸವಲ್ಲ. ಸದ್ದು ಕಿವಿಗೆ ಬಿದ್ದ ಮೇಲೆ ಒಂದು ಸೆಕೆಂಡಿನ 20ನೇ ಒಂದು ಭಾಗದಷ್ಟರಲ್ಲಿ ರೆಪ್ಪೆ ಮುಚ್ಚಲು ಶುರುವಾಗಿರುತ್ತದೆ. ಮಿದುಳಿನ ಬುಡದಿಂದಲೇ ಆಜ್ಞೆ ಹೋಗಿರುತ್ತದೆ. “ಇದು ಸಿನಿಮಾ, ಇದನ್ನು ನೋಡಿದ್ದೇನೆ” ಎಂದು ಹೇಳುವ ಮೇಲಿನ ಭಾಗ ಎಚ್ಚರಗೊಳ್ಳುವ ಹೊತ್ತಿಗೆ ಕೈಯಲ್ಲಿದ್ದ ಪಾಪ್‌ಕಾರ್ನ್ ಚೆಲ್ಲಿ ಆಗಿರುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮೊದಲೇ ಅಳುಕಿನಲ್ಲಿ ಇರುವವರು ಜಾಸ್ತಿ ಬೆಚ್ಚುತ್ತಾರೆ. ಕತ್ತಲಲ್ಲಿ ಕೂತವರು ಬೆಳಕಿನಲ್ಲಿ ಕೂತವರಿಗಿಂತ ಜಾಸ್ತಿ ಬೆಚ್ಚುತ್ತಾರೆ. ಇದು ಪ್ರಯೋಗಾಲಯದಲ್ಲೂ ಕಂಡದ್ದೇ. ರಾತ್ರಿ ಅಡಿಕೆ ತೋಟದ ನಡುವೆ ಒಬ್ಬರೇ ಟಾರ್ಚ್ ಹಿಡಿದು ಬರುವಾಗ ಹಿಂದೆ ಒಂದು ಒಣಗಿದ ಅಡಿಕೆ ಹಾಳೆ ಬಿದ್ದರೆ ಸಾಕು, ಜೀವ ಬಾಯಿಗೆ ಬರುತ್ತದೆ. ಅದೇ ಹಾಳೆ ಮಧ್ಯಾಹ್ನ ಬಿದ್ದರೆ ಮನೆಗೆ ಎತ್ತಿಕೊಂಡು ಹೋಗುತ್ತೇವೆ. ಹಾಳೆ ಒಂದೇ, ಸದ್ದೂ ಒಂದೇ. ಬೇರೆಯಾಗಿರುವುದು ಅದಕ್ಕೂ ಮುಂಚಿನ ಹತ್ತು ನಿಮಿಷ.

ಹಳೆಯ ನಿರ್ದೇಶಕರು ಈ ಹತ್ತು ನಿಮಿಷದ ಮೇಲೆ ದುಡಿದರು. 1942ರ ‘ಕ್ಯಾಟ್ ಪೀಪಲ್’ ಸಿನಿಮಾದ ಒಂದು ದೃಶ್ಯ ಇದಕ್ಕೆ ಒಳ್ಳೆಯ ಉದಾಹರಣೆ. ರಾತ್ರಿ. ಪಾರ್ಕಿನ ಪಕ್ಕದ ರಸ್ತೆ. ಒಬ್ಬ ಹೆಂಗಸು ನಡೆದು ಹೋಗುತ್ತಿದ್ದಾಳೆ, ಇನ್ನೊಬ್ಬಳು ಹಿಂಬಾಲಿಸುತ್ತಿದ್ದಾಳೆ. ಸಂಗೀತ ಇಲ್ಲ. ಬರೀ ಚಪ್ಪಲಿಯ ಟಕ್ ಟಕ್. ದೀಪದ ಕಂಬದ ಬೆಳಕು, ಮತ್ತೆ ಕತ್ತಲು, ಮತ್ತೆ ಬೆಳಕು. ಸ್ವಲ್ಪ ಹೊತ್ತಿಗೆ ಹಿಂದಿನವಳ ಚಪ್ಪಲಿ ಸದ್ದು ನಿಂತುಹೋಗುತ್ತದೆ. ಮುಂದಿನವಳು ತಿರುಗಿ ನೋಡುತ್ತಾಳೆ. ಯಾರೂ ಇಲ್ಲ. ಆಗ ಬುಸ್ಸೆಂದು ದೊಡ್ಡ ಸದ್ದು ಮುಖಕ್ಕೆ ಅಪ್ಪಳಿಸುತ್ತದೆ. ಏನದು? ನಿಲ್ಲಲು ಬ್ರೇಕ್ ಹಾಕಿದ ಒಂದು ಬಸ್ಸು. ಅಷ್ಟೇ.

ದೆವ್ವ ಇಲ್ಲ, ರಕ್ತ ಇಲ್ಲ, ಮೃಗವೂ ಇಲ್ಲ. ಸಿನಿಮಾದ ನಿರ್ಮಾಪಕ ವಾಲ್ ಲ್ಯೂಟನ್ ಹೆಸರಿನಿಂದ ಈ ತಂತ್ರವನ್ನು ಇಂದಿಗೂ ‘ಲ್ಯೂಟನ್ ಬಸ್’ ಎನ್ನುತ್ತಾರೆ. ಇವತ್ತಿನ ಹಾರರ್ ಸಿನಿಮಾದಲ್ಲಿ ಬೆಕ್ಕು ಹಾರಿ ಬೆಚ್ಚಿಸುವುದು, ಹಿಂದಿನಿಂದ ಗೆಳೆಯ ಹೆಗಲು ಮುಟ್ಟುವುದು ಎಲ್ಲವೂ ಆ ಬಸ್ಸಿನ ಮಕ್ಕಳು. ಆದರೆ ಈಗಿನ ಎಷ್ಟೋ ಸಿನಿಮಾಗಳು ಸದ್ದನ್ನು ಮಾತ್ರ ಎತ್ತಿಕೊಂಡಿವೆ. ಚಪ್ಪಲಿ ನಿಂತುಹೋಗುವ ಆ ಕ್ಷಣವನ್ನು ಬಿಟ್ಟಿವೆ.

ಸದ್ದಿನ ಬಗ್ಗೆ ಇನ್ನೂ ಒಂದು ಮಾತು. ಪ್ರಾಣಿಗಳು ಜೀವಭಯದಲ್ಲಿ ಕೂಗುವಾಗ ದನಿ ಒಡೆಯುತ್ತದೆ, ಕರ್ಕಶವಾಗುತ್ತದೆ. ಮಾರ್ಮಟ್ ಎಂಬ ಪ್ರಾಣಿಯ ಕೂಗನ್ನು ಅಧ್ಯಯನ ಮಾಡುತ್ತಿದ್ದ ವಿಜ್ಞಾನಿ ಡೇನಿಯಲ್ ಬ್ಲಮ್‌ಸ್ಟೀನ್ ಮತ್ತು ಅವರ ಜೊತೆಗಾರರು 100ಕ್ಕೂ ಜಾಸ್ತಿ ಸಿನಿಮಾಗಳ ಸದ್ದನ್ನು ಪರಿಶೀಲಿಸಿ 2010ರಲ್ಲಿ ಒಂದು ವರದಿ ಪ್ರಕಟಿಸಿದರು. ಹಾರರ್ ಸಿನಿಮಾಗಳಲ್ಲಿ ಅಂಥ ಒಡೆದ, ಕರ್ಕಶ ದನಿಗಳು ಎದ್ದು ಕಂಡವು. 1960ರ ‘ಸೈಕೋ’ದಲ್ಲಿ ಬರ್ನಾರ್ಡ್ ಹರ್ಮನ್ ಪಿಟೀಲುಗಳನ್ನು ಚೀರುವಂತೆ ನುಡಿಸಿದ್ದು ನೆನಪಿಗೆ ಬರುತ್ತದೆ, ಅಲ್ವಾ? ಆ ಚೀರಾಟಕ್ಕೆ ವಯಸ್ಸಾಗುವುದಿಲ್ಲ. ಯಾಕೆಂದರೆ ಅದು ಮಾತನಾಡುವುದು ನಮ್ಮ ಕಿವಿಯ ಹಳೆಯ ಭಯದ ಜೊತೆ.

ಬೆಂಚಿನ ಕೆಳಗಿನ ಹಾವು

ಬೆಚ್ಚುವುದು ಒಂದು ಕ್ಷಣದ ಕೆಲಸ. ಅದರಿಂದ ಎರಡು ಗಂಟೆಯ ಸಿನಿಮಾ ನಿಲ್ಲುವುದಿಲ್ಲ. ನಿಲ್ಲಿಸುವುದು ಕಾಯುವಿಕೆ.

‘ಸೈಕೋ’ದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಇದನ್ನು ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಟ್ಟು ವಿವರಿಸುತ್ತಿದ್ದರು. ನಮ್ಮ ಕಡೆಗೆ ಹೊಂದುವಂತೆ ಹೇಳುವುದಾದರೆ ಹೀಗೆ. ಮನೆಯ ಚಾವಡಿಯಲ್ಲಿ ಇಬ್ಬರು ಊಟ ಮುಗಿಸಿ ಬೆಂಚಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಾರೆ. ತೆಂಗಿನಕಾಯಿ ರೇಟಿನ ಮಾತು, ಮಳೆಯ ಮಾತು. ಇದ್ದಕ್ಕಿದ್ದಂತೆ ಬೆಂಚಿನ ಕೆಳಗಿಂದ ನಾಗರಹಾವು ಹೆಡೆ ಎತ್ತುತ್ತದೆ. ನೋಡುವವರು ಹೌಹಾರುತ್ತಾರೆ. ಎಷ್ಟು ಹೊತ್ತು? ಹತ್ತು ಹದಿನೈದು ಸೆಕೆಂಡು.

ಈಗ ಹಾವು ಬೆಂಚಿನ ಕೆಳಗೆ ಹೋಗುವುದನ್ನು ಮೊದಲೇ ತೋರಿಸಿ. ಆಮೇಲೆ ಇಬ್ಬರನ್ನು ಕೂರಿಸಿ. ಅದೇ ತೆಂಗಿನಕಾಯಿ ರೇಟು, ಅದೇ ಮಳೆ. ಒಬ್ಬರು ಕಾಲು ಇಳಿಬಿಡುತ್ತಾರೆ. ಅಡಿಕೆ ಚೂರು ಕೈಜಾರಿ ಕೆಳಗೆ ಬೀಳುತ್ತದೆ. ಹೆಕ್ಕಲು ಬಗ್ಗುತ್ತಾರೆ. ಅಷ್ಟರಲ್ಲಿ ಒಳಗಿಂದ ಯಾರೋ ಕರೆಯುತ್ತಾರೆ, ನೆಟ್ಟಗಾಗುತ್ತಾರೆ. ಹದಿನೈದು ನಿಮಿಷ ಹೀಗೇ ನಡೆಸಬಹುದು. ನೋಡುವವರು ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಇಲ್ಲಿ ಗುಟ್ಟು ಏನೂ ಇಲ್ಲ. ನಮಗೆ ಎಲ್ಲ ಗೊತ್ತು, ಗೊತ್ತಿರುವುದರಿಂದಲೇ ಹೆದರಿಕೆ.

ಮೊದಲ ರೀತಿಯ ದೃಶ್ಯವನ್ನು ಎರಡನೇ ಸಲ ನೋಡಿದರೆ ಅರ್ಧ ಶಕ್ತಿ ಹೋಗಿರುತ್ತದೆ. ಎರಡನೇ ರೀತಿಯದು ಹತ್ತನೇ ಸಲಕ್ಕೂ ಕೆಲಸ ಮಾಡುತ್ತದೆ. ಹಳೆಯ ಸಿನಿಮಾಗಳಲ್ಲಿ ಜರಡಿಯಲ್ಲಿ ಉಳಿದವು ಬಹುತೇಕ ಈ ಎರಡನೇ ಜಾತಿಯವು.

ಕೊನೆ ಗೊತ್ತಿದ್ದರೂ ಮನಸ್ಸು ಹೇಗೆ ಮೋಸಹೋಗುತ್ತದೆ? ಮನಶ್ಶಾಸ್ತ್ರಜ್ಞ ರಿಚರ್ಡ್ ಗೆರಿಗ್ 1989ರಲ್ಲಿ ಇದರ ಬಗ್ಗೆ ಪ್ರಯೋಗ ಮಾಡಿ ಬರೆದರು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಎಂಬುದು ಅಲ್ಲಿಯ ಮಗುವಿಗೂ ಗೊತ್ತು. ಆದರೆ ವಾಷಿಂಗ್ಟನ್ ಆ ಹುದ್ದೆ ಒಪ್ಪುತ್ತಾರೋ ಇಲ್ಲವೋ ಎಂಬ ಅನುಮಾನ ಹುಟ್ಟುವ ಹಾಗೆ ಬರೆದ ಕಥೆ ಓದಿದ ಮೇಲೆ, ಅದೇ ಮಾತನ್ನು ಹೌದೆಂದು ಹೇಳಲು ಜನರಿಗೆ ಸ್ವಲ್ಪ ಜಾಸ್ತಿ ಹೊತ್ತು ಬೇಕಾಯಿತು. ಅಂದರೆ ಗೊತ್ತಿರುವುದು ತಲೆಯಲ್ಲಿ ಎಲ್ಲೋ ಇರುತ್ತದೆ. ಕಥೆಯೊಳಗೆ ಮುಳುಗಿದಾಗ ಅದು ತಾನಾಗಿ ಮುಂದೆ ಬಂದು ನಿಲ್ಲುವುದಿಲ್ಲ. ಪ್ರತಿ ಕ್ಷಣವನ್ನು ಮನಸ್ಸು ಹೊಸದೆಂದೇ ಎದುರಿಸುತ್ತದೆ.

ದೊಂದಿ, ರಾಳ, ಕೊಂಬು

ಈಗ ಆಟದ ಬಯಲಿಗೆ ಬರೋಣ. ಕರಾವಳಿಯ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಯಕ್ಷಗಾನದಲ್ಲಿ ‘ಶ್ರೀ ದೇವಿ ಮಹಾತ್ಮೆ’ಗಿಂತ ಪರಿಚಿತ ಪ್ರಸಂಗ ಇನ್ನೊಂದು ಸಿಗುವುದು ಕಷ್ಟ. ಕಟೀಲಿನ ಹರಕೆ ಆಟಕ್ಕೆ ವರ್ಷಗಟ್ಟಲೆ ಮುಂಚೆ ಬುಕಿಂಗ್ ಆಗಿರುತ್ತದೆ. ಪ್ರೇಕ್ಷಕರಲ್ಲಿ ಕೆಲವರು ಇದನ್ನು ಐವತ್ತು ಸಲ ನೋಡಿದವರು. ಮಹಿಷಾಸುರ ಬರುತ್ತಾನೆ, ದೇವಿ ಕೊಲ್ಲುತ್ತಾಳೆ. ಯಾರಿಗೆ ಗೊತ್ತಿಲ್ಲ?

ಆದರೂ ನೋಡಿ ಏನಾಗುತ್ತದೆ. ಭಾಗವತರ ಪದ ಏರುತ್ತದೆ. ಚೆಂಡೆಯ ಪೆಟ್ಟು ದಪ್ಪವಾಗುತ್ತದೆ. ಜನ ರಂಗಸ್ಥಳದ ಕಡೆಗೆ ನೋಡುತ್ತಿರುತ್ತಾರೆ. ಆಗ ಬೆನ್ನ ಹಿಂದೆ, ದೂರದಲ್ಲಿ, ಒಂದು ಅಬ್ಬರ. ತಲೆಗಳೆಲ್ಲ ಹಿಂದಕ್ಕೆ ತಿರುಗುತ್ತವೆ. ಎರಡು ದೊಂದಿಗಳ ಬೆಂಕಿ ಕಾಣುತ್ತದೆ. ವೇಷ ಸರಿಯಾಗಿ ಕಾಣುವುದಿಲ್ಲ. ರಾಳದ ಪುಡಿ ಎರಚಿದಾಗ ಭಗ್ಗೆಂದು ಬೆಂಕಿ ಏಳುತ್ತದೆ, ಆ ಬೆಳಕಿನಲ್ಲಿ ಕೊಂಬು ಮಾತ್ರ ಮಿಂಚಿ ಮತ್ತೆ ಕತ್ತಲು. ಇನ್ನೊಮ್ಮೆ ರಾಳ, ಈ ಸಲ ಬಿಳಿ ಚುಕ್ಕೆಗಳ ಚುಟ್ಟಿ ಇಟ್ಟ ಮುಖ. ಜನರ ನಡುವೆಯೇ ದಾರಿ ಮಾಡಿಕೊಂಡು ಮಹಿಷ ನುಗ್ಗಿ ಬರುತ್ತಾನೆ. ಮಕ್ಕಳು ತಾಯಿಯ ಸೆರಗಿನೊಳಗೆ. ದೊಡ್ಡವರೂ ಕಾಲು ಒಳಗೆಳೆದುಕೊಳ್ಳುತ್ತಾರೆ.

ಇಲ್ಲಿ ಗುಟ್ಟೆಂಬುದೇ ಇಲ್ಲ. ಇರುವುದು ಕಾಯಿಸುವ ಕಲೆ. ಪೂರ್ತಿ ತೋರಿಸದೆ ಚೂರು ಚೂರೇ ತೋರಿಸುವುದು. ನೋಡಬೇಕಾದ ದಿಕ್ಕಿನಿಂದ ಬಾರದೆ ಬೆನ್ನ ಹಿಂದಿನಿಂದ ಬರುವುದು. ನಮ್ಮ ಮತ್ತು ವೇಷದ ನಡುವಿನ ದೂರವನ್ನು ಅಳಿಸುವುದು. ಹಾಲಿವುಡ್ ಕಂಡುಕೊಂಡ ಉಪಾಯಗಳನ್ನು ನಮ್ಮ ಬಣ್ಣದ ವೇಷದವರು ದೊಂದಿಯ ಬೆಳಕಿನಲ್ಲಿ ಸಾಧಿಸಿದ್ದಾರೆ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕೂತು ಹೇಳುವ ಪದ ಮತ್ತು ಮಾತು ಮಾತ್ರ. ಕರ್ಣ ಸಾಯುತ್ತಾನೆಂದು ಗೊತ್ತಿದ್ದೇ ಹೋಗುತ್ತೇವೆ. ಪಾತ್ರದ ಮಾತನ್ನು ಆಡುವ ಇವತ್ತಿನ ಅರ್ಥಧಾರಿ ಎದುರಾಳಿಯ ಪ್ರಶ್ನೆಗೆ ಏನು ಉತ್ತರ ಕೊಡುತ್ತಾರೆ ಎಂಬುದಷ್ಟೇ ಕುತೂಹಲ. ‘ಏನಾಯಿತು’ ಎಂಬುದಕ್ಕಿಂತ ‘ಹೇಗಾಯಿತು’ ಎಂಬುದೇ ಮುಖ್ಯ ಎಂದು ಕರಾವಳಿಯ ಪ್ರೇಕ್ಷಕರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಕಾರು ಮುಳುಗದೆ ನಿಂತಾಗ

ಇನ್ನೂ ಆಳದ ಒಂದು ಕಾರಣ ಇದೆ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡದು. ಒಳ್ಳೆಯ ಸಸ್ಪೆನ್ಸ್ ಸಿನಿಮಾ ಕಥೆಯಿಂದ ಮಾತ್ರ ಚಕಿತಗೊಳಿಸುವುದಿಲ್ಲ. ನಮ್ಮನ್ನು ನೋಡಿ ನಾವೇ ಚಕಿತರಾಗುವಂತೆ ಮಾಡುತ್ತದೆ.

‘ಸೈಕೋ’ ಎಂದರೆ ಎಲ್ಲರೂ ಸ್ನಾನದ ಕೋಣೆಯ ಕೊಲೆಯನ್ನೇ ಹೇಳುತ್ತಾರೆ. ಸುಮಾರು 8 ಲಕ್ಷ ಡಾಲರ್‌ನಲ್ಲಿ ತೆಗೆದ ಸಿನಿಮಾ ಅದು. ಮುಕ್ಕಾಲು ನಿಮಿಷದಷ್ಟು ದೃಶ್ಯಕ್ಕೆ 7 ದಿನ ಶೂಟಿಂಗ್. ರಕ್ತದ ಬದಲು ಚಾಕೊಲೇಟ್ ಸಿರಪ್. ಚಾಕು ಚುಚ್ಚುವ ಸದ್ದಿಗೆ ಕರ್ಬೂಜ ಜಾತಿಯ ಹಣ್ಣು. ಮುಖ್ಯ ನಟಿ ಅಂದುಕೊಂಡವಳು ಸಿನಿಮಾ ಅರ್ಧವಾಗುವ ಮುಂಚೆಯೇ ಸಾಯುತ್ತಾಳೆ. ಇದೆಲ್ಲ ಈಗ ಹಳೆಯ ಸುದ್ದಿ.

ಆದರೆ ಅದರ ನಂತರದ ದೃಶ್ಯ ನೋಡಿ. ನಾರ್ಮನ್ ಎಂಬ ಹುಡುಗ ಕೋಣೆ ತೊಳೆಯುತ್ತಾನೆ. ಹೆಣವನ್ನು ಅವಳದೇ ಕಾರಿನ ಡಿಕ್ಕಿಯಲ್ಲಿ ಹಾಕಿ ಕೆಸರಿನ ಹೊಂಡಕ್ಕೆ ತಳ್ಳುತ್ತಾನೆ. ಕಾರು ಮೆಲ್ಲನೆ ಮುಳುಗುತ್ತದೆ. ಮುಕ್ಕಾಲು ಮುಳುಗಿ ನಿಂತುಬಿಡುತ್ತದೆ. ನಾರ್ಮನ್ ಗಾಬರಿಯಿಂದ ಅತ್ತ ಇತ್ತ ನೋಡುತ್ತಾನೆ. ಆ ಕೆಲವು ಸೆಕೆಂಡು ಪ್ರೇಕ್ಷಕರಿಗೂ ಗಾಬರಿ. ಅಯ್ಯೋ, ಮುಳುಗಲಿ! ಕೊನೆಗೂ ಗುಳುಗುಳು ಎಂದು ಕಾರು ಒಳಗೆ ಹೋದಾಗ ನಾವು ಉಸಿರು ಬಿಡುತ್ತೇವೆ. ಆಮೇಲೆ ಹೊಳೆಯುತ್ತದೆ: ಸ್ವಲ್ಪ ಹೊತ್ತಿನ ಹಿಂದೆ ಸತ್ತವಳಿಗಾಗಿ ಮರುಗಿದ ನಾವು ಈಗ ಹೆಣ ಮುಚ್ಚಿಡುವವನ ಪಕ್ಷದಲ್ಲಿ ಇದ್ದೇವೆ. ಕೊಲೆಗಾರ ಯಾರೆಂದು ಗೊತ್ತಿದ್ದವರಿಗೆ ಈ ದೃಶ್ಯ ಇನ್ನೂ ಕಸಿವಿಸಿ. ಗೊತ್ತಿದ್ದೂ ಅವನಿಗಾಗಿ ಉಸಿರು ಬಿಗಿಹಿಡಿದೆವಲ್ಲ?

‘ಮಣಿಚಿತ್ರತ್ತಾಳ್’ ಇದೇ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡುತ್ತದೆ. ಮೊದಲ ಸಲ ನೋಡುವಾಗ ನಮ್ಮ ಅನುಮಾನ ಶ್ರೀದೇವಿ ಎಂಬ ಹೆಂಗಸಿನ ಮೇಲೆ. ಸಿನಿಮಾ ನಮ್ಮನ್ನು ಹಾಗೆ ತಿರುಗಿಸಿದೆ. ಎರಡನೇ ಸಲ ನಮ್ಮ ಕಣ್ಣು ನಾಗವಲ್ಲಿ ಮೈಮೇಲೆ ಬಂದಿರುವ ಗಂಗೆಯನ್ನು, ಅಂದರೆ ಶೋಭನಾ ಅವರ ಪಾತ್ರವನ್ನು, ಬಿಟ್ಟು ಅಲುಗುವುದಿಲ್ಲ. ಅದೇ ದೃಶ್ಯಗಳು, ಆದರೆ ಈಗ ಅವಳ ನಗು ಬೇರೆ, ಅವಳ ಸುಮ್ಮನಿರುವಿಕೆ ಬೇರೆ. ಗಂಡ “ಈಗ ಹೋಗಬೇಡ” ಎಂದಾಗ ಶೋಭನಾ ಅವರ ಕಣ್ಣು ಮೆಲ್ಲನೆ ಬದಲಾಗಿ, ದನಿ ಬದಲಾಗಿ, ಮಂಚವನ್ನೇ ಎತ್ತಿ ಹಿಡಿಯುವ ದೃಶ್ಯವನ್ನು ಮೊದಲ ಸಲ ಭಯದಿಂದ ನೋಡುತ್ತೇವೆ, ಎರಡನೇ ಸಲ ಸಂಕಟದಿಂದ. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಸಂಕಟದ ದಾರಿಯನ್ನೂ ಉಳಿಸಿಕೊಂಡ ಕಾರಣಕ್ಕೇ ಈ ಕಥೆ ಕನ್ನಡ, ತಮಿಳು, ಬಂಗಾಳಿ, ಹಿಂದಿಗೆಲ್ಲ ಹೋಯಿತು. ಗುಟ್ಟು ಒಂದೇ ಇದ್ದಿದ್ದರೆ ಮೊದಲ ರೀಮೇಕಿಗೇ ಮುಗಿಯುತ್ತಿತ್ತು.

ಕೆಟ್ಟುಹೋದ ಶಾರ್ಕ್

ಹಳೆಯ ತಂತ್ರಜ್ಞಾನದ ಕೊರತೆಯೇ ವರವಾಯಿತು ಎಂಬ ವಾದವೂ ಇದೆ. ‘ಜಾಸ್’ ಇದಕ್ಕೆ ಎಲ್ಲರೂ ಕೊಡುವ ಸಾಕ್ಷಿ. ಸಿನಿಮಾಕ್ಕಾಗಿ ಮಾಡಿದ ಯಂತ್ರದ ಶಾರ್ಕ್ ಸಮುದ್ರದ ಉಪ್ಪುನೀರಿಗೆ ಇಳಿಸಿದಾಗ ಪದೇ ಪದೇ ಕೈಕೊಟ್ಟಿತು. 55 ದಿನದ ಶೂಟಿಂಗ್ 159 ದಿನಕ್ಕೆ ಎಳೆಯಿತು. ಬೇರೆ ದಾರಿ ಕಾಣದೆ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಶಾರ್ಕ್ ತೋರಿಸುವ ಬದಲು ನೀರನ್ನು ತೋರಿಸಿದರು. ಶಾರ್ಕಿಗೆ ಸಿಕ್ಕಿಸಿದ ಹಳದಿ ಪೀಪಾಯಿಗಳು ನೀರಿನ ಮೇಲೆ ಸರಿದು ಬರುವುದನ್ನು ತೋರಿಸಿದರು. ಜೊತೆಗೆ ಎರಡೇ ಎರಡು ಸ್ವರದ ಸಂಗೀತ. ಶಾರ್ಕ್ ಸರಿಯಾಗಿ ಮುಖ ತೋರಿಸುವ ಹೊತ್ತಿಗೆ ಒಂದು ಗಂಟೆಗೂ ಜಾಸ್ತಿ ಸಿನಿಮಾ ಮುಗಿದಿರುತ್ತದೆ.

ಮಲ್ಪೆಯ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಮೇಲಿನ ಅಲುಗಾಟ ನೋಡಿ ಕೆಳಗೆ ಏನಿದೆ ಎಂದು ಲೆಕ್ಕಹಾಕುವುದೇ ಅವರ ಬದುಕು. ಕಂಡದ್ದಕ್ಕಿಂತ ಕಾಣದ್ದನ್ನು ಮನಸ್ಸು ದೊಡ್ಡದು ಮಾಡುತ್ತದೆ. ಅದಕ್ಕೇ ಆ ರಬ್ಬರ್ ಶಾರ್ಕ್ ಈಗ ಸಪ್ಪೆ ಎನಿಸಿದರೂ ಪೀಪಾಯಿ ಸಪ್ಪೆಯಾಗಿಲ್ಲ. ಹಳತಾಗುವುದು ತೋರಿಸಿದ ಭಾಗ. ಮೇಕಪ್ಪು, ಗೊಂಬೆ, ಗ್ರಾಫಿಕ್ಸ್‌ಗೆಲ್ಲ ವಯಸ್ಸಾಗುತ್ತದೆ. ತೋರಿಸದ ಭಾಗವನ್ನು ಪ್ರತಿ ತಲೆಮಾರಿನವರೂ ತಮ್ಮದೇ ಭಯದಿಂದ ಹೊಸದಾಗಿ ತುಂಬಿಕೊಳ್ಳುತ್ತಾರೆ.

ನಮ್ಮೂರಿನ ಭೂತ, ಸಿನಿಮಾದ ದೆವ್ವ

ಇಲ್ಲಿ ಒಂದು ಎಚ್ಚರದ ಮಾತು ಬೇಕು. ತುಳುನಾಡಿನ ಭೂತ ಎಂದರೆ ದೆವ್ವವಲ್ಲ, ದೈವ. ಸತ್ತವರ ಆತ್ಮ, ಅಂದರೆ ಕುಲೆ, ಬೇರೆ. ಅದೂ ಇಲ್ಲಿ ಬರೀ ಹೆದರಿಸುವ ವಸ್ತುವಲ್ಲ. ಮದುವೆಯಾಗದೆ ತೀರಿಹೋದವರಿಗೆ ಗಂಡು ಹೆಣ್ಣು ನೋಡಿ ಮದುವೆ ಮಾಡಿಸುವ ನಾಡಿದು. ಹಾಗಾಗಿ ದೈವದ ನುಡಿ, ಅಬ್ಬರಗಳನ್ನು ಹಾರರ್ ಸಿನಿಮಾದ ಸಾಮಾನಿನಂತೆ ಬಳಸಿದರೆ ಇಲ್ಲಿಯವರಿಗೆ ನೋವಾಗುತ್ತದೆ. ಆ ನೋವು ನ್ಯಾಯವಾದದ್ದು. ‘ಕಾಂತಾರ’ದ ನಂತರ ಈ ಚರ್ಚೆ ಮತ್ತೆ ಮತ್ತೆ ಎದ್ದಿದೆ.

ಸದಾನಂದ ಸುವರ್ಣರ ‘ಗುಡ್ಡದ ಭೂತ’ ಧಾರಾವಾಹಿಯನ್ನು ದೂರದರ್ಶನದಲ್ಲಿ ನೋಡಿದವರು ಇಂದಿಗೂ ನೆನೆಯುವುದಕ್ಕೆ ಇದೂ ಒಂದು ಕಾರಣ ಇರಬೇಕು. ಅದರಲ್ಲಿ ಅಳುಕು ಹುಟ್ಟುವುದು ಗುಡ್ಡದಿಂದ, ಊರಿನವರ ಪಿಸುಮಾತಿನಿಂದ. 2025ರಲ್ಲಿ ಬಂದ ‘ಸು ಫ್ರಮ್ ಸೋ’ ಸಿನಿಮಾ ಹೆದರಿಕೆಯ ಜೊತೆ ನಗುವನ್ನು ಬೆರೆಸಿತು. ಸೋಮೇಶ್ವರದ ಸುಲೋಚನಾ ಎಂಬ ಹೆಸರೇ ಅದರ ದೆವ್ವ. ಹೆಸರೊಂದು ಊರಿನ ಬಾಯಿಂದ ಬಾಯಿಗೆ ಹೋಗುತ್ತಾ ದೊಡ್ಡದಾಗುವುದನ್ನು ನಮ್ಮ ಜನ ಚೆನ್ನಾಗಿ ಬಲ್ಲರು.

ಮುಂದೇನು

ಮರುಬಿಡುಗಡೆ ಸದ್ಯಕ್ಕೆ ನಿಲ್ಲುವ ಹಾಗೆ ಕಾಣುವುದಿಲ್ಲ. ಲಾಭ ಕಂಡ ಕಡೆ ಎಲ್ಲರೂ ನುಗ್ಗುತ್ತಾರೆ. ಇದರಿಂದ ಒಳ್ಳೆಯದೂ ಆಗಬಹುದು. ಹಳೆಯ ಸಿನಿಮಾಕ್ಕೆ ಮಾರುಕಟ್ಟೆ ಇದೆ ಎಂದಾದರೆ ಹಳೆಯ ನೆಗೆಟಿವ್‌ಗಳನ್ನು ಕಾಪಾಡಲು ಕಾರಣ ಸಿಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ದ ಪ್ರತಿಯೇ ಉಳಿದಿಲ್ಲ. ಹಳೆಯ ಫಿಲ್ಮ್ ಸೆಕೆ ಮತ್ತು ತೇವಕ್ಕೆ ಕೊಳೆಯುತ್ತದೆ. ಡಬ್ಬಿ ತೆರೆದರೆ ವಿನೆಗರ್‌ನಂಥ ಹುಳಿ ವಾಸನೆ ಬರುತ್ತದೆ. ಆ ವಾಸನೆ ಬಂತೆಂದರೆ ಫಿಲ್ಮ್ ಹಾಳಾಗಲು ಶುರುವಾಗಿದೆ ಎಂದೇ ಅರ್ಥ. ಕರಾವಳಿಯ ಹವೆಯಲ್ಲಿ ಇದು ಇನ್ನೂ ಬೇಗ. 1979ರ ‘ನಾ ನಿನ್ನ ಬಿಡಲಾರೆ’ಯಂಥ ಸಿನಿಮಾವನ್ನು ಇವತ್ತಿನ ಮಕ್ಕಳು ಒಳ್ಳೆಯ ಪ್ರತಿಯಲ್ಲಿ, ದೊಡ್ಡ ಪರದೆಯಲ್ಲಿ ನೋಡುವಂತಾಗಬೇಕು. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ಹೀಗೆ ಹೊಸ ಜೀವ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವಕ್ಕೆ ಹೋಯಿತು. ಹೆದರಿಕೆ ಸಿನಿಮಾಗಳಿಗೂ ಆ ಮರ್ಯಾದೆ ಸಿಗಬೇಕು.

ಕೆಡುಕಿನ ದಾರಿಯೂ ಇದೆ. ಜನಕ್ಕೆ ಹೆದರಿಕೆ ಬೇಕು ಎಂದಷ್ಟೇ ತಿಳಿದುಕೊಂಡು ಸದ್ದು ಏರಿಸುತ್ತಾ ಹೋದರೆ ಮೂರನೇ ಸಲಕ್ಕೆ ಕಿವಿ ಒಗ್ಗಿಹೋಗುತ್ತದೆ. ಮರುಬಿಡುಗಡೆಯಲ್ಲೂ ಇದೇ ಅಪಾಯ. ಹಳೆಯ ಸಿನಿಮಾಕ್ಕೆ ಹೊಸ ಹಿನ್ನೆಲೆ ಸಂಗೀತ ತುಂಬಿಸುವುದು, ಕತ್ತಲಿದ್ದ ದೃಶ್ಯವನ್ನು ಬೆಳಗಿಸುವುದು, ನಿಧಾನ ಎಂದು ನಡುವೆ ಕತ್ತರಿಸುವುದು. ಕೊಳೆ ತೆಗೆಯುವುದು ಒಂದು, ಕತ್ತಲು ತೆಗೆಯುವುದು ಇನ್ನೊಂದು. ಕೊಳೆ ಹೋದರೆ ಸಿನಿಮಾಕ್ಕೆ ಲಾಭ. ಕತ್ತಲು ಹೋದರೆ ಪೀಪಾಯಿಯ ಕೆಳಗೆ ರಬ್ಬರ್ ಕಾಣುತ್ತದೆ.

ನೋಡುವವರ ಕಡೆಯಿಂದಲೂ ಒಂದು ಬದಲಾವಣೆ ನಡೆದಿದೆ. ಫೋನಿನಲ್ಲಿ ನೋಡುವಾಗ ಕಾಯಿಸುವ ಅಧಿಕಾರ ನಮ್ಮ ಹೆಬ್ಬೆರಳಿಗೆ ಬಂದಿದೆ. ಹೆದರಿಕೆ ಆದರೆ ನಿಲ್ಲಿಸಬಹುದು, ಬೇಸರವಾದರೆ ಹತ್ತು ಸೆಕೆಂಡು ಮುಂದೆ ಓಡಿಸಬಹುದು. ‘ಸೈಕೋ’ ಬಿಡುಗಡೆಯಾದಾಗ ಹಿಚ್‌ಕಾಕ್ ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಎಂದು ಥಿಯೇಟರ್‌ಗಳಿಗೆ ಕಟ್ಟುನಿಟ್ಟು ಮಾಡಿದ್ದರು. ಆಗ ಜನ ಸಿನಿಮಾದ ನಡುವೆ ಬಂದು ನಡುವೆ ಎದ್ದು ಹೋಗುವ ರೂಢಿ ಇತ್ತು. ಸಮಯ ನಿರ್ದೇಶಕರ ಕೈಯಲ್ಲಿ ಇರಬೇಕು ಎಂಬುದೇ ಆ ಕಟ್ಟುನಿಟ್ಟಿನ ಅರ್ಥ. ಈಗ ಮನೆಯಲ್ಲಿ ಹತ್ತು ಸಲ ನೋಡಿದವರೂ ಟಿಕೆಟ್ ಕೊಂಡು ಮಾಲ್‌ಗೆ ಬರುವುದಕ್ಕೆ ಬಹುಶಃ ಇದೇ ಕಾರಣ. ಅಲ್ಲಿ ನಿಲ್ಲಿಸುವ ಬಟನ್ ಇಲ್ಲ.

ಯಕ್ಷಗಾನದಲ್ಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿದೆ. ಧ್ವನಿವರ್ಧಕದ ನಿಯಮ, ಮರುದಿನದ ಕೆಲಸ ಎಂದು ಇಡೀ ರಾತ್ರಿಯ ಆಟ ಎಷ್ಟೋ ಕಡೆ ಕಾಲಮಿತಿಗೆ ಇಳಿದಿದೆ. ಸಂಜೆ ಶುರುವಾಗಿ ನಡುರಾತ್ರಿಯ ಮುಂಚೆ ಮುಗಿಯುತ್ತದೆ. ಹೆಚ್ಚು ಜನರಿಗೆ, ಮಕ್ಕಳಿಗೂ ನೋಡಲು ಸಿಗುತ್ತದೆ ಎನ್ನುವವರ ಮಾತು ಸುಳ್ಳಲ್ಲ. ಆದರೆ ನಿದ್ದೆ ತೂಗುವ ಕಣ್ಣಿನ ಮುಂದೆ, ಮಂಜು ಬಿದ್ದ ಗದ್ದೆಯಲ್ಲಿ, ಅಷ್ಟು ಹೊತ್ತು ಕಾದ ಮೇಲೆ ಕಾಣುತ್ತಿದ್ದ ಆ ಎರಡು ದೊಂದಿ ಮತ್ತು ರಾತ್ರಿ ಒಂಬತ್ತಕ್ಕೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಾಣುವ ಎರಡು ದೊಂದಿ ಒಂದೇ ಅಲ್ಲ. ಮಹಿಷ ಅವನೇ, ಪದವೂ ಅದೇ. ಕೆಲವು ಕಡೆ ಸಂಘಟಕರು ಅವನು ಬರುವ ಹೊತ್ತಿಗೆ ಬಯಲಿನ ದೀಪಗಳನ್ನಾದರೂ ಆರಿಸುತ್ತಾರೆ.